ಹುಸೇನಿ ಮನೆತನ ಮತ್ತು ಕಸ್ತಲ್ ಗುಡ್ಡ

ಪ್ಯಾಲೆಸ್ತೀನಿನ ಸಶಸ್ತ್ರ ಹೋರಾಟವನ್ನು ನಾವು ಸಂಘಟನೆಗಳ ಹೆಸರಿನಲ್ಲಿ ಗುರುತಿಸುತ್ತೇವೆ. ಇಸ್ರೇಲ್ ಸ್ಥಾಪನೆಯಾದ 1948ಕ್ಕೆ ಮುಂಚಿನ ಮೂರು ದಶಕಗಳ ಮಟ್ಟಿಗೆ ಅದು ಸಾಲದು. ಆ ಕಾಲವನ್ನು ಅರಿಯಲು ಜೆರುಸಲೇಮಿನ ದೊಡ್ಡ ಮನೆತನಗಳನ್ನು, ಎಲ್ಲಕ್ಕಿಂತ ಮೊದಲು ಹುಸೇನಿಗಳನ್ನು ಅರಿಯಬೇಕು.

ಒಟ್ಟೋಮನ್ನರ ಕಾಲದಿಂದಲೂ ನಗರದ ಮುಫ್ತಿ (ಮುಸ್ಲಿಂ ಧರ್ಮಶಾಸ್ತ್ರದ ಮುಖ್ಯಸ್ಥ) ಪದವಿ ಮತ್ತು ಮೇಯರ್ ಹುದ್ದೆ ಈ ಮನೆತನಕ್ಕೆ ಮತ್ತೆ ಮತ್ತೆ ಒಲಿದಿದ್ದವು. ಜೆರುಸಲೇಮಿನಲ್ಲಿ ಅರಬರು ಮತ್ತು ಯಹೂದಿಗಳ ನಡುವೆ ನಡೆದ 1920ರ ಗಲಭೆಯ ನಂತರ, ಆಗ ಪ್ಯಾಲೆಸ್ತೀನನ್ನು ಆಳುತ್ತಿದ್ದ ಬ್ರಿಟಿಷರು ಮೇಯರ್ ಮೂಸಾ ಕಾಝಿಮ್ ಹುಸೇನಿಯವರನ್ನು ತೆಗೆದು, ಎದುರಾಳಿ ಮನೆತನದ ರಾಘಿಬ್ ನಶಾಶಿಬಿಯವರನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಮರುವರ್ಷ ಅಮೀನ್ ಹುಸೇನಿಯವರನ್ನು ಮುಫ್ತಿಯಾಗಿಸಿದರು. ಒಂದು ಮನೆಗೆ ನಗರಸಭೆ, ಇನ್ನೊಂದು ಮನೆಗೆ ಧರ್ಮಪೀಠ. 1922ರಲ್ಲಿ ಸುಪ್ರೀಂ ಮುಸ್ಲಿಂ ಕೌನ್ಸಿಲ್ ಕೂಡ ಅಮೀನರ ಕೈಸೇರಿತು. ವಕ್ಫ್ ಆದಾಯ, ಷರಿಯಾ ನ್ಯಾಯಾಲಯಗಳು, ಇಮಾಮರ ನೇಮಕ ಎಲ್ಲವೂ ಅದರ ಅಧೀನದಲ್ಲಿದ್ದವು. ಆಳುವವರು ಹೀಗೆ ಪಾಲು ಹಂಚಿದ್ದನ್ನು ನಾನು ಬರಿಯ ಆಡಳಿತ ವ್ಯವಸ್ಥೆ ಎಂದು ಒಪ್ಪಲಾರೆ.

1936ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಅರಬರ ಬಂಡಾಯ ಎದ್ದಾಗ ಎರಡೂ ಮನೆತನಗಳು ಅಮೀನರ ಅಧ್ಯಕ್ಷತೆಯ ಅರಬ್ ಉನ್ನತ ಸಮಿತಿಯಲ್ಲಿ ಒಟ್ಟಿಗೆ ಕುಳಿತವು. ಆ ಒಗ್ಗಟ್ಟು ಬಹುಕಾಲ ಬಾಳಲಿಲ್ಲ. 1937ರಲ್ಲಿ ಅಮೀನರು ಲೆಬನಾನಿಗೆ ತಪ್ಪಿಸಿಕೊಂಡರು. ಅವರ ವಿರೋಧಿಗಳೆನಿಸಿದ ಅರಬರೇ ಬಂಡಾಯಗಾರರ ಗುಂಡಿಗೆ ಬಲಿಯಾಗತೊಡಗಿದರು. 1938ರಲ್ಲಿ ಫಖ್ರಿ ನಶಾಶಿಬಿ ಬ್ರಿಟಿಷರ ಬೆಂಬಲದಿಂದ ‘ಶಾಂತಿ ಪಡೆ’ಗಳನ್ನು ಕಟ್ಟಿ ಬಂಡಾಯಗಾರರ ಮೇಲೆಯೇ ಬಿಟ್ಟರು. ಈ ಹಗೆಗೆ ಜೀವ ತೆತ್ತವರಲ್ಲಿ ಮುಫ್ತಿಯ ಗಾದಿಯಿಂದಲೋ ಮೇಯರ್ ಕುರ್ಚಿಯಿಂದಲೋ ಏನನ್ನೂ ಪಡೆಯದಿದ್ದ ಹಳ್ಳಿಯ ರೈತರು ಎಷ್ಟೋ ಮಂದಿ ಇದ್ದರೆಂಬುದು ನನ್ನನ್ನು ಬಹಳ ನೋಯಿಸುತ್ತದೆ. 1941ರಲ್ಲಿ ಅಮೀನರು ಬರ್ಲಿನ್‌ನಲ್ಲಿ ಹಿಟ್ಲರನನ್ನು ಭೇಟಿಯಾಗಿ ನಾಜಿಗಳ ಪ್ರಚಾರಕ್ಕೆ ದನಿಗೂಡಿಸಿದ್ದಕ್ಕೆ ನನ್ನಲ್ಲಿ ಯಾವ ಸಮರ್ಥನೆಯೂ ಇಲ್ಲ. ಆ ಕಳಂಕವನ್ನು ಇಡೀ ಪ್ಯಾಲೆಸ್ತೀನಿ ಜನತೆಯ ಹಣೆಗೆ ಬಳಿಯುವವರ ಮಾತನ್ನೂ ಒಪ್ಪುವುದಿಲ್ಲ.

ಇದೇ ಮನೆಯ ಅಬ್ದುಲ್ ಖಾದರ್ ಹುಸೇನಿ, ಮೂಸಾ ಕಾಝಿಮರ ಮಗ, ಬೇರೆಯೇ ಬಗೆಯ ಮನುಷ್ಯ. ಕೈರೋದಲ್ಲಿ ಓದಿದವರು, 1936ರ ಬಂಡಾಯದಲ್ಲಿ ಸ್ವತಃ ಬಂದೂಕು ಹಿಡಿದು ಗಾಯಗೊಂಡವರು. 1948ರ ಏಪ್ರಿಲ್ ಆರಂಭದಲ್ಲಿ, ಟೆಲ್ ಅವೀವ್-ಜೆರುಸಲೇಮ್ ರಸ್ತೆಯನ್ನು ಕಾಯುವ ಕಸ್ತಲ್ ಗುಡ್ಡ ಯಹೂದಿ ಪಡೆಗಳ ವಶವಾದಾಗ, ಅವರು ಶಸ್ತ್ರಾಸ್ತ್ರ ಕೇಳಲು ದಮಾಸ್ಕಸ್‌ನಲ್ಲಿದ್ದರು. ಅರಬ್ ದೇಶಗಳ ಒಕ್ಕೂಟವಾದ ಅರಬ್ ಲೀಗಿನ ಸೇನಾ ಸಮಿತಿಗೆ ಮುಫ್ತಿಯ ಬಣದ ಮೇಲೆ ನಂಬಿಕೆಯಿರಲಿಲ್ಲ. ಅದರ ಒಲವು ಫೌಝಿ ಅಲ್-ಕಾವುಕ್ಜಿ ನಡೆಸುತ್ತಿದ್ದ ಅರಬ್ ಸ್ವಯಂಸೇವಕರ ಸೇನೆಯ ಕಡೆಗಿತ್ತು. ಬೇಡಿದ ನೆರವು ಸಿಗದೆ ಹಿಂದಿರುಗಿದ ಅಬ್ದುಲ್ ಖಾದರ್ ಏಪ್ರಿಲ್ 8ರ ನಸುಕಿನಲ್ಲಿ ಅದೇ ಗುಡ್ಡದ ಮೇಲೆ ಗುಂಡಿಗೆ ಬಿದ್ದರು. ಅವರನ್ನು ಹುಡುಕುತ್ತಾ ನುಗ್ಗಿದ ನೂರಾರು ಹಳ್ಳಿಗರು ಆ ದಿನವೇ ಕಸ್ತಲನ್ನು ಮರಳಿ ಗೆದ್ದುಕೊಂಡರು. ಆದರೆ ಅವರಲ್ಲಿ ಬಹುಪಾಲು ಜನ ನಾಯಕನ ಅಂತ್ಯಕ್ರಿಯೆಗೆಂದು ಜೆರುಸಲೇಮಿಗೆ ಹೊರಟುಬಿಟ್ಟರು, ಗುಡ್ಡ ಪುನಃ ಕೈತಪ್ಪಿತು. ಅಲ್ಲಿಗೆ ಸಮೀಪದ ದೇರ್ ಯಾಸೀನ್ ಹಳ್ಳಿಯಲ್ಲಿ ಯಹೂದಿ ಸಶಸ್ತ್ರ ಗುಂಪುಗಳಿಂದ ಅರಬ್ ಹಳ್ಳಿಗರ ಹತ್ಯಾಕಾಂಡ ನಡೆದದ್ದು ಏಪ್ರಿಲ್ 9ರಂದು. ಹೋರಾಟ ಒಬ್ಬ ವ್ಯಕ್ತಿಯನ್ನು, ಒಂದು ಮನೆಯ ಹೆಸರನ್ನು ನೆಚ್ಚಿ ನಿಂತದ್ದು ಎಷ್ಟು ದುಬಾರಿಯಾಯಿತೆಂಬುದನ್ನು ನಾನು ಆ ಎರಡು ದಿನಗಳಲ್ಲಿ ಕಾಣುತ್ತೇನೆ.

ಅಬ್ದುಲ್ ಖಾದರರ ಮಗ ಫೈಸಲ್ ಹುಸೇನಿ ಮಾತುಕತೆಯ ದಾರಿ ಹಿಡಿದು, ಪೂರ್ವ ಜೆರುಸಲೇಮಿನ ತಮ್ಮ ಮನೆತನದ ಓರಿಯೆಂಟ್ ಹೌಸ್‌ ಕಟ್ಟಡವನ್ನು ಪ್ಯಾಲೆಸ್ತೀನಿ ರಾಜಕಾರಣದ ಕೇಂದ್ರವಾಗಿಸಿದರು. 2001ರ ಮೇ ತಿಂಗಳಲ್ಲಿ ಕುವೈತ್‌ನಲ್ಲಿ ತೀರಿಕೊಂಡ ಅವರನ್ನು ಅಲ್-ಅಕ್ಸಾ ಆವರಣದ ಬಳಿ, ತಂದೆ ಮತ್ತು ಅಜ್ಜನ ಪಕ್ಕದಲ್ಲಿ ಮಣ್ಣು ಮಾಡಲಾಯಿತು. ಅದೇ ಆಗಸ್ಟ್‌ನಲ್ಲಿ ಇಸ್ರೇಲ್ ಓರಿಯೆಂಟ್ ಹೌಸನ್ನು ಮುಚ್ಚಿಸಿತು.