ಕೆಂಪು ಅಂಕಿಯ ಕಾಟ

2024ರ ಮಾರ್ಚ್. ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳ ಜೊತೆ ನಮ್ಮ ಹದಿನಾರು ಮನೆಗಳ ಅಪಾರ್ಟ್‌ಮೆಂಟಿನದೂ ಬತ್ತಿತು. ಅದೇ ವಾರ, ಮೀಟಿಂಗಿಗೆ ಹೋಗದ ತಪ್ಪಿಗೆ ನಾನು ಖಜಾಂಚಿಯಾದೆ.

12,000 ಲೀಟರ್ ಟ್ಯಾಂಕರಿಗೆ, ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಗೊತ್ತುಮಾಡಿತ್ತು. ಆ ದರ ಹೇಳಿದರೆ ನಮ್ಮ ಟ್ಯಾಂಕರಿನವನಿಗೆ ಫೋನಿನಲ್ಲಿ ನನ್ನ ದನಿಯೇ ಕೇಳಿಸುತ್ತಿರಲಿಲ್ಲ.

ಸರಿ, ದುಡ್ಡು ಹಂಚುವುದು ಹೇಗೆ? ಮನೆಗಿಷ್ಟು ಎಂದರೆ, ಗಂಡ ಹೆಂಡತಿ ಇಬ್ಬರೇ ಇರುವ ಎರಡನೇ ಮಹಡಿಯ ಆಂಟಿಗೆ ಸಿಟ್ಟು. ತಲೆಗಿಷ್ಟು ಎಂದರೆ, ಐದು ಜನ ಬ್ಯಾಚುಲರ್ ಹುಡುಗರು, "ನಾವು ದಿನಾ ಸ್ನಾನ ಮಾಡಲ್ಲ ಸಾರ್, ಬೇಕಾದ್ರೆ ಬರ್ಕೊಡ್ತೀವಿ" ಎಂದರು. ಚದರಡಿ ಲೆಕ್ಕವೇ ನ್ಯಾಯ ಎಂದವರ ಮನೆ ಎಲ್ಲಕ್ಕಿಂತ ಚಿಕ್ಕದು.

ಮೀಟರ್ ಹಾಕಿಸೋಣ ಎಂದಾಯಿತು. ಪ್ಲಂಬರ್ ಬಂದು ನೋಡಿ ನಕ್ಕ. ಎರಡು ಬಚ್ಚಲಿಗೆ ಎರಡು ಪೈಪು, ಅಡುಗೆಮನೆಗೆ ಇನ್ನೊಂದು. ಮನೆಗೆ ಮೂರರಂತೆ 48 ಮೀಟರು!

ದರ ಗೊತ್ತುಮಾಡಿದ್ದು ನಾನೇ. ಮೋಟಾರಿನ ಕರೆಂಟು, ಸಂಪು ತೊಳೆಸುವುದು ಇವೆಲ್ಲ ಯಾರು ಊರಿಗೆ ಹೋದರೂ ತಪ್ಪದ ಖರ್ಚು. ಅದಕ್ಕೆ ಮನೆಗೆ ತಿಂಗಳಿಗೆ 200. ಆಮೇಲೆ ಬಳಸಿದ ಕಿಲೋಲೀಟರಿಗೆ, ಅಂದರೆ ಸಾವಿರ ಲೀಟರಿಗೆ, 90. ಇದಕ್ಕೆ ಯಾರೂ ಜಗಳ ತೆಗೆಯಲಿಲ್ಲ. ನನಗೇ ಅನುಮಾನ ಬರಬೇಕಿತ್ತು.

ಮೊದಲ ತಿಂಗಳು ಟಾರ್ಚ್ ಹಿಡಿದು, ಡಕ್ಟಿನೊಳಗೆ ತಲೆ ತೂರಿಸಿ 48 ಮೀಟರೂ ಓದಿದೆ. ಆಂಟಿಯ ಅಡುಗೆಮನೆಯದು 4218. ತೊಂಬತ್ತರಿಂದ ಗುಣಿಸಿ, ನಿದ್ದೆಗಣ್ಣಲ್ಲೇ ಬಿಲ್ ಕಳಿಸಿದೆ: ಅಡುಗೆಮನೆಯೊಂದಕ್ಕೇ 3,79,620 ರೂಪಾಯಿ.

ಬೆಳಗ್ಗೆ ಆರಕ್ಕೇ ಬೆಲ್. "ಏನಪ್ಪಾ, ಮುನ್ನೂರೈವತ್ತು ಟ್ಯಾಂಕರ್ ನೀರಲ್ಲಿ ಅನ್ನಕ್ಕಿಟ್ಟಿದ್ದೀನಾ ನಾನು?" ಆಂಟಿ ನಿವೃತ್ತ ಗಣಿತ ಟೀಚರ್. ಭಾಗಾಕಾರ ಮಾಡಿಕೊಂಡೇ ಬಂದಿದ್ದರು.

ಸ್ನಾನ ಮಾಡದ ಹುಡುಗನೊಬ್ಬ ಬಂದು ತೋರಿಸಿದ. ಕಪ್ಪು ಅಂಕಿ ಕಿಲೋಲೀಟರು. ಪಕ್ಕದ ಮೂರು ಕೆಂಪು ಅಂಕಿ ಬರೀ ಲೀಟರು. ಆಂಟಿ ಖರ್ಚು ಮಾಡಿದ್ದು ನಾಲ್ಕು ಸಾವಿರದ ಚಿಲ್ಲರೆ ಲೀಟರ್, 380 ರೂಪಾಯಿ. ಹದಿನಾರೂ ಮನೆಗೆ ಕ್ಷಮೆ ಕೇಳಿ ಹೊಸ ಬಿಲ್ ಕೊಟ್ಟೆ.

ಎರಡನೇ ತಿಂಗಳು ಮೇಲಿನ ಮಹಡಿಯ ರಾಯರು ಕರೆದರು. ಟ್ಯಾಂಕ್ ಖಾಲಿಯಾಗಿ ಆಗಷ್ಟೇ ತುಂಬುತ್ತಿತ್ತು. ನಲ್ಲಿ ತಿರುಗಿಸಿದರೆ ಬುಸ್ ಎಂದು ಬರೀ ಗಾಳಿ. ಮೀಟರಿನ ಮುಳ್ಳು ಮಾತ್ರ ಗಿರ್ರನೆ ತಿರುಗುತ್ತಿತ್ತು.

"ಗಾಳಿಗೂ ತೊಂಬತ್ತೇನಾ," ರಾಯರು ತಣ್ಣಗೆ ಕೇಳಿದರು, "ಇಲ್ಲ, ಅದಕ್ಕೆ ಬೇರೆ ಸ್ಲ್ಯಾಬ್ ಇದೆಯಾ?"