ಕಂಟ್ರೋಲ್ ರೂಮಿಗೆ ಗೇಮಿಂಗ್ ಕಾರ್ಡ್ ಮಾರುವವರೇ, ಮೊದಲು ಲೆಕ್ಕ ಹಾಕಿ

ನಿನ್ನೆಯಿಂದ ತಲೆ ಬಿಸಿಯಾಗಿದೆ. ಬರೆದರಷ್ಟೇ ಸಮಾಧಾನ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನವರು ಕರೆದಿದ್ದರು. ಸಿಸಿಟಿವಿ ಚಿತ್ರ ನಿಂತು ನಿಂತು ಬರುತ್ತದೆ, ಒಮ್ಮೆ ನೋಡಿ ಸರ್ ಅಂತ. 32 ಕ್ಯಾಮೆರಾ, ಎಲ್ಲವೂ 8 ಮೆಗಾಪಿಕ್ಸೆಲ್. ಎರಡು ಮಾನಿಟರ್, ಒಂದೊಂದರಲ್ಲಿ 16 ಚೌಕ. ಮೇಜಿನ ಕೆಳಗೆ ಗಾಜಿನ ಕ್ಯಾಬಿನೆಟ್ಟು, ಬಣ್ಣಬಣ್ಣದ ಲೈಟು, ಒಳಗೆ ಎನ್‌ವಿಡಿಯಾ ಕಂಪನಿಯ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060. ಇಷ್ಟೆಲ್ಲ ಇದ್ದೂ ಗೇಟಿನ ಕ್ಯಾಮೆರಾದಲ್ಲಿ ಬೈಕು ಮಾಯವಾಗಿ ಇನ್ನೆಲ್ಲೋ ಕಾಣುತ್ತಿತ್ತು.

ಸೆಕ್ರೆಟರಿ ಕೇಳಿದರು: "ಗೇಮಿಂಗ್ ಕಾರ್ಡ್ ಆಗಲ್ಲ, ಪ್ರೊಫೆಶನಲ್ ಕಾರ್ಡೇ ಬೇಕು ಅಂತ ಇನ್ನೊಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಹಾಕಿಸೋದಾ ಸರ್?"

ಟಾಸ್ಕ್ ಮ್ಯಾನೇಜರ್ ತೆರೆದು ಅವರಿಗೇ ತೋರಿಸಿದೆ. ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದಲ್ಲಿ '3ಡಿ' ಅನ್ನುವ ಗ್ರಾಫ್ ನೆಲದಲ್ಲಿ ಮಲಗಿತ್ತು. 'ವಿಡಿಯೋ ಡಿಕೋಡ್' ಗ್ರಾಫ್ ಮೇಲೆ ಹೋಗಿ ಅಂಟಿಕೊಂಡಿತ್ತು. ಗೇಮಿಗಾಗಿ ಕೊಟ್ಟ ದುಡ್ಡೆಲ್ಲ ಆ ಮಲಗಿದ ಗ್ರಾಫಿಗೆ ಹೋಗಿದೆ!

ಕ್ಯಾಮೆರಾದಿಂದ ಎಚ್.264, ಎಚ್.265 ಅನ್ನುವ ರೀತಿಯಲ್ಲಿ ಕುಗ್ಗಿಸಿ ಬರುವ ವಿಡಿಯೋವನ್ನು ಬಿಡಿಸುವ, ಅಂದರೆ ಡಿಕೋಡ್ ಮಾಡುವ ಕೆಲಸಕ್ಕೆ ಚಿಪ್ಪಿನಲ್ಲಿ ಬೇರೆಯೇ ಒಂದು ಭಾಗ ಇದೆ. ಎನ್‌ವಿಡಿಯಾ ಅದನ್ನು ಎನ್‌ವಿಡೆಕ್ ಅನ್ನುತ್ತದೆ. 3060ರಲ್ಲಿ ಲೆಕ್ಕ ಮಾಡುವ ಸಣ್ಣ ಘಟಕಗಳು, ಅಂದರೆ 'ಕೂಡಾ' (CUDA) ಕೋರ್, ಸಾವಿರಗಟ್ಟಲೆ ಇದ್ದರೂ ಈ ಭಾಗ ಇರುವುದು ಒಂದೇ. ಪ್ರೊಫೆಶನಲ್ ಅಂತ ಮಾರುವ ಆರ್‌ಟಿಎಕ್ಸ್ ಎ2000 ಇದೆಯಲ್ಲ, ಅದರೊಳಗೂ ಇದೇ ಜಿಎ106 ಚಿಪ್. ಅದರಲ್ಲೂ ಎನ್‌ವಿಡೆಕ್ ಒಂದೇ. ಅಂದಮೇಲೆ ಆ ಎರಡನೇ ಕೊಟೇಶನ್ ಒಪ್ಪಿ ಇಂಥ ಕಾರ್ಡ್ ಹಾಕಿಸಿದ್ದರೂ ಬೈಕು ಹೀಗೇ ಮಾಯವಾಗುತ್ತಿತ್ತು.

ನಿಜವಾದ ತೊಂದರೆ ಬೇರೆ ಕಡೆ ಇತ್ತು. 1920 x 1080 ಸ್ಕ್ರೀನಿನಲ್ಲಿ 16 ಚೌಕ ಹಾಕಿದರೆ ಒಂದು ಚೌಕಕ್ಕೆ ಸಿಗುವುದು 480 x 270. ಅದಕ್ಕೆ ಇವರು ಕಳಿಸುತ್ತಿದ್ದದ್ದು 3840 x 2160ರ ಮೇನ್ ಸ್ಟ್ರೀಮ್, ಅಂದರೆ ಕ್ಯಾಮೆರಾದ ಪೂರ್ತಿ ಗಾತ್ರದ ವಿಡಿಯೋ. ಬೇಕಾದದ್ದಕ್ಕಿಂತ 64 ಪಟ್ಟು ಪಿಕ್ಸೆಲ್! ಕಾರ್ಡ್ ಅಷ್ಟನ್ನೂ ಕಷ್ಟಪಟ್ಟು ಬಿಡಿಸಬೇಕು, ಆಮೇಲೆ ಸಣ್ಣದು ಮಾಡಬೇಕು. ಒಂದು ಲೋಟ ನೀರಿಗೆ ಟ್ಯಾಂಕರ್ ತರಿಸಿದ ಹಾಗೆ. ಆ ಕ್ಯಾಮೆರಾಗಳಲ್ಲಿ ಸಬ್ ಸ್ಟ್ರೀಮ್, ಅಂದರೆ ಅದೇ ದೃಶ್ಯದ ಸಣ್ಣ ಗಾತ್ರದ ವಿಡಿಯೋ ಇದೆ. ಚೌಕಗಳಿಗೆ ಅದನ್ನು ಕೊಡಿ, ಒಂದು ಕ್ಯಾಮೆರಾವನ್ನು ದೊಡ್ಡದು ಮಾಡಿದಾಗ ಮಾತ್ರ ಮೇನ್ ಸ್ಟ್ರೀಮ್ ಕೊಡಿ. ರೆಕಾರ್ಡಿಂಗ್ ಎನ್‌ವಿಆರ್‌ನಲ್ಲಿ (ಕ್ಯಾಮೆರಾ ವಿಡಿಯೋ ಉಳಿಸುವ ಪೆಟ್ಟಿಗೆ) ಪೂರ್ತಿ ಗುಣಮಟ್ಟದಲ್ಲೇ ನಡೆಯುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಸೆಟ್ಟಿಂಗ್ ಬದಲಾಯಿಸಿದೆ. ಗ್ರಾಫ್ ಇಳಿಯಿತು, ಬೈಕು ಸರಾಗವಾಗಿ ಗೇಟು ದಾಟಿತು.

ಸಿಟ್ಟು ಬಂದದ್ದು ಪ್ರೊಸೆಸರ್ ನೋಡಿದಾಗ. ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್. ಗ್ರಾಫಿಕ್ಸ್ ಇಲ್ಲದ ಚಿಪ್ ಅದು. ಗೇಮ್ ಆಡುವವರಿಗೆ ಸರಿ, ಸ್ವಲ್ಪ ದುಡ್ಡು ಉಳಿಯುತ್ತದೆ. ಆದರೆ ಎಫ್ ಇಲ್ಲದ್ದನ್ನು ಹಾಕಿದ್ದರೆ ವಿಡಿಯೋ ಬಿಡಿಸುವ ಭಾಗ, ಕ್ವಿಕ್ ಸಿಂಕ್, ಒಳಗೇ ಸಿಗುತ್ತಿತ್ತು. 2011ರ ಸ್ಯಾಂಡಿ ಬ್ರಿಡ್ಜ್ ಕಾಲದಿಂದ ಇಂಟೆಲ್ ಕೊಡುತ್ತಿರುವ ಸೌಲಭ್ಯ. ಕ್ಯಾಮೆರಾ ಸಾಫ್ಟ್‌ವೇರಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಮಾಡಿದ್ದರೆ ಆ ಎರಡು ಮಾನಿಟರ್‌ಗೆ ಬೇರೆ ಕಾರ್ಡೇ ಬೇಕಿರಲಿಲ್ಲ. ಮೇಂಟೆನೆನ್ಸ್ ದುಡ್ಡು ಅದು, ಪೆನ್ಶನ್‌ನಲ್ಲಿ ಬದುಕುವವರೂ ಕೊಟ್ಟಿದ್ದಾರೆ.

"ಅದೇ ಚಿಪ್ ಆದರೆ ಗೇಮಿಂಗ್ ಕಾರ್ಡೇ ಅಗ್ಗ ಅಲ್ವಾ?" ಅಂತ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯ ಗೆಳೆಯರು ಕೇಳುತ್ತಾರೆ. ಚಿಪ್ಪಿನ ಲೆಕ್ಕದಲ್ಲಿ ಹೌದು. ಆದರೆ ಕಂಟ್ರೋಲ್ ರೂಮಿನ ಮೆಶಿನ್ ರಾತ್ರಿ ಹಗಲು ಓಡಬೇಕು. 3060ಕ್ಕೆ 170 ವ್ಯಾಟ್, 550 ವ್ಯಾಟಿನ ಪವರ್ ಸಪ್ಲೈ ಹಾಕಿ ಅಂತ ಎನ್‌ವಿಡಿಯಾನೇ ಹೇಳುತ್ತದೆ. ಎ2000ಕ್ಕೆ 70 ವ್ಯಾಟ್ ಸಾಕು, ಬೇರೆ ಪವರ್ ಕೇಬಲ್ಲೂ ಬೇಡ, ಬಿಸಿಗಾಳಿ ಹಿಂದಿನಿಂದ ಹೊರಗೆ ಹೋಗುತ್ತದೆ. ಬರೀ ನಾಲ್ಕು ಮಾನಿಟರ್ ಓಡಿಸಬೇಕು ಅಂದರೆ ಎನ್‌ವಿಡಿಯಾದ ಇನ್ನೊಂದು ಪ್ರೊಫೆಶನಲ್ ಕಾರ್ಡ್ ಟಿ1000 ಸಾಕು: 50 ವ್ಯಾಟ್, ನಾಲ್ಕು ಮಿನಿ ಡಿಸ್‌ಪ್ಲೇ ಪೋರ್ಟ್, ಸಣ್ಣ ಕ್ಯಾಬಿನೆಟ್ಟಿನಲ್ಲೂ ಕೂರುತ್ತದೆ. ನಾಲ್ಕೂ ಸೇರಿ ಒಂದೇ ಗೋಡೆ ಮಾಡಬೇಕು ಅಂದರೆ ಮೊಸಾಯಿಕ್ ಸೌಲಭ್ಯ ಪ್ರೊಫೆಶನಲ್ ಕಾರ್ಡಿನಲ್ಲೇ ಇರುವುದು. ನಾನು ಕೊಟೇಶನ್ನಿನಲ್ಲಿ ಪ್ರೊಫೆಶನಲ್ ಕಾರ್ಡ್ ಬರೆಯುವುದು ಇಂಥ ಕಾರಣಕ್ಕೆ. ಜಾಸ್ತಿ ಕ್ಯಾಮೆರಾ ಓಡುತ್ತದೆ ಅಂತ ಹೇಳಿ ಮಾರುವುದು ಸುಳ್ಳು. ಮುಖ ಗುರುತಿಸುವ ಸಾಫ್ಟ್‌ವೇರ್ ಅದೇ ಮೆಶಿನ್ನಿನಲ್ಲಿ ಓಡಿಸುವುದಾದರೆ ದೊಡ್ಡ ಕಾರ್ಡಿನ ಮಾತಾಡೋಣ. ಇವರಲ್ಲಿ ಅದಿರಲಿಲ್ಲ.

ನನಗೆ ಇಷ್ಟು ಸಂಕಟ ಯಾಕೆ ಅಂದರೆ, ಅಲ್ಲಿನ ನೈಟ್ ಶಿಫ್ಟ್ ಸೆಕ್ಯೂರಿಟಿ ಮೆಲ್ಲಗೆ ಹೇಳಿದರು: "ಚಿತ್ರ ನಿಂತರೆ ನಾನು ನಿದ್ದೆ ಮಾಡಿದೆ ಅಂತ ಬೈತಾರೆ ಸರ್." ನಮ್ಮಪ್ಪ ದಾವಣಗೆರೆಯ ಮಿಲ್ಲಿನಲ್ಲಿ ರಾತ್ರಿ ಕಾವಲು ಮಾಡಿದವರು, ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ಮಾತು ಕೇಳಿದ ಮೇಲೆ ನನಗೆ ಸುಮ್ನೆ ಇರಲು ಆಗಲಿಲ್ಲ. ತಪ್ಪು ಯಾರದು ಅಂತ ಸೆಕ್ರೆಟರಿ ಎದುರೇ ಬಿಡಿಸಿ ಹೇಳಿ ಬಂದೆ.

ನಿಮ್ಮ ಅಪಾರ್ಟ್‌ಮೆಂಟು, ಶಾಲೆ, ಅಂಗಡಿಗೆ ಇಂಥ ಕೊಟೇಶನ್ ಬಂದಿದ್ದರೆ ಅಡ್ವಾನ್ಸ್ ಕೊಡುವ ಮೊದಲು ಇನ್‌ಬಾಕ್ಸ್‌ಗೆ ಕಳಿಸಿ. ಕ್ಯಾಮೆರಾ ಎಷ್ಟು, ಎಷ್ಟು ಮೆಗಾಪಿಕ್ಸೆಲ್, ಮಾನಿಟರ್ ಎಷ್ಟು, ಒಂದು ಸ್ಕ್ರೀನಿನಲ್ಲಿ ಎಷ್ಟು ಚೌಕ, ಇಷ್ಟು ಬರೆದರೆ ಸಾಕು. ದುಡ್ಡು ಬೇಡ.