ಹುಡುಗ ಪಾಸಾ, ಫೇಲಾ?

ಸೆಪ್ಟೆಂಬರ್‌ನಿಂದ ಜನವರಿವರೆಗೆ ಶಿಕಾಗೋದಲ್ಲಿ ಸೋಮವಾರ ಬೆಳಿಗ್ಗೆ ಯಾರನ್ನೂ ‘ಹೇಗಿದ್ದೀರಿ’ ಎಂದು ಕೇಳಬಾರದು. ಹಿಂದಿನ ದಿನ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಬೇರ್ಸ್ ಸೋತಿರುತ್ತದೆ. ನೀವು ಅವರ ಕ್ಷೇಮ ಕೇಳಿದರೆ ಅವರು ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಕ್ಷೇಮ ಹೇಳುತ್ತಾರೆ, ಅದೂ ಕಾಫಿ ಆರುವವರೆಗೆ.

2024ರಲ್ಲಂತೂ ಇದು ವಿಪರೀತಕ್ಕೆ ಹೋಗಿತ್ತು. ಆ ಏಪ್ರಿಲ್‌ನಲ್ಲಿ ತಂಡಗಳು ಸರದಿಯಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊಟ್ಟಮೊದಲ ಸರದಿ ಬೇರ್ಸ್ ಪಾಲಿಗೆ ಬಂದಿತ್ತು. ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಕೇಲಬ್ ವಿಲಿಯಮ್ಸ್ ಎಂಬ ಇಪ್ಪತ್ತೆರಡರ ಹುಡುಗನನ್ನು ಆರಿಸಿಕೊಂಡರು. ಅವನು ಉಗುರಿಗೆ ಬಣ್ಣ ಹಚ್ಚುತ್ತಾನೆ. ಅಮ್ಮನ ಕಸುಬೇ ಉಗುರಿನ ಅಲಂಕಾರ, ತಪ್ಪೇನು? ಆದರೆ ಅವನ ಪಾಸ್, ಅಂದರೆ ಎಸೆತ, ಗುರಿ ತಪ್ಪಿದ ವಾರ ಎಲ್ಲರ ಕಣ್ಣೂ ಉಗುರಿನ ಮೇಲೆ. ಸರಿಯಾಗಿ ಬಿದ್ದ ವಾರ ಆ ಬಣ್ಣ ಯಾರಿಗೂ ಕಾಣುವುದಿಲ್ಲ.

ಕ್ರಿಕೆಟ್ ನೋಡಿ ಬೆಳೆದ ನನ್ನಂಥವರಿಗೆ ಈ ಆಟ ಅರ್ಥವಾಗಲು ಸ್ವಲ್ಪ ಕಾಲ ಬೇಕು. ಚೆಂಡು ಕೈಗೆ ಬಂದ ಮೇಲೆ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಎರಡೂವರೆ, ಮೂರು ಸೆಕೆಂಡು. ಮುಂದೆ ಐದು ಜನ ಭಾರಿ ಆಳುಗಳು ಗೋಡೆ ಕಟ್ಟಿರುತ್ತಾರೆ. ಗೋಡೆ ಬಿದ್ದರೆ ಎದುರಾಳಿಗಳು ಬಂದು ಇವನನ್ನು ಚೆಂಡಿನ ಸಮೇತ ನೆಲಕ್ಕೆ ಕೆಡವುತ್ತಾರೆ. ಅದೇ ಸ್ಯಾಕ್. ನಮ್ಮ ಬ್ಯಾಟ್ಸ್‌ಮನ್ ಔಟಾದರೆ ಪೆವಿಲಿಯನ್‌ಗೆ ಹೋಗಿ ಮುಖ ಮುಚ್ಚಿಕೊಂಡು ಕೂರಬಹುದು. ಇವನು ಹುಲ್ಲು ಕೊಡವಿಕೊಂಡು ಎದ್ದು, ನಲವತ್ತು ಸೆಕೆಂಡಿನೊಳಗೆ ಮತ್ತೆ ಅಲ್ಲೇ ನಿಲ್ಲಬೇಕು.

ಆ ವರ್ಷ ಕೇಲಬ್‌ನನ್ನು 68 ಸಲ ಹೀಗೆ ಕೆಡವಿದರು. ಇಡೀ ಲೀಗಿನಲ್ಲಿ ಅಷ್ಟು ಸಲ ಬಿದ್ದವರು ಬೇರೆ ಯಾರೂ ಇಲ್ಲ. ಸಂಖ್ಯೆ ಒಂದೇ, ಅದರಿಂದ ಊರು ಎರಡು ಹೋಳಾಯಿತು. ಗೋಡೆಯೇ ಪೊಳ್ಳು, ಪಾಪ ಹುಡುಗ ಏನು ಮಾಡ್ತಾನೆ ಅಂತ ಒಂದು ಪಕ್ಷ. ಚೆಂಡನ್ನು ಬೇಗ ಎಸೆಯದೆ ಅತ್ತ ಇತ್ತ ಓಡಾಡಿದರೆ ಬೀಳದೆ ಇನ್ನೇನು ಅಂತ ಇನ್ನೊಂದು ಪಕ್ಷ. ನನಗೆ ಎರಡೂ ಸರಿ ಅನ್ನಿಸುತ್ತದೆ. ಹಾಗೆ ಹೇಳಿದರೆ ಎರಡು ಪಕ್ಷವೂ ಸೇರಿ ನನ್ನನ್ನೇ ಬೈಯುತ್ತದೆ, ಅಲ್ವಾ?

ಪಕ್ಕದ ಮನೆಯ ಅಜ್ಜನದು ಮೂರನೆಯ ಪಕ್ಷ: ತಪ್ಪು ಮಾಲೀಕರದು. ಚಳಿ ಬಂದರೆ ಅವರ ಮೈಮೇಲೆ 1985ರ ತಂಡದ ಜಾಕೆಟ್ ಏರುತ್ತದೆ, ತೋಳಿನ ಅಂಚು ಸವೆದು ನೂಲು ಎದ್ದಿದೆ. ಲೀಗಿನ ಫೈನಲ್ ಆದ ಸೂಪರ್ ಬೌಲ್ ಅನ್ನು ಬೇರ್ಸ್ ಗೆದ್ದದ್ದು ಆ ಒಂದೇ ಸಲ. ಅವರು ಕೇಲಬ್‌ಗೆ ಅಂಕ ಹಾಕುವುದನ್ನು ಕೇಳುತ್ತಿದ್ದರೆ ಒಂದು ವಿಷಯ ಗೊತ್ತಾಗುತ್ತದೆ. ಪರೀಕ್ಷೆ ಈ ಹುಡುಗನದಲ್ಲ. ಹಿಂದಿನವರು ಮಾಡಿಟ್ಟ ಸಾಲಕ್ಕೆಲ್ಲ ಅವನು ಬಡ್ಡಿ ಕಟ್ಟುತ್ತಿದ್ದಾನೆ. 2017ರ ಡ್ರಾಫ್ಟ್‌ನ ಎರಡನೇ ಸರದಿಯಲ್ಲಿ ಬೇರ್ಸ್ ಮಿಚೆಲ್ ಟ್ರುಬಿಸ್ಕಿ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿತು. ಹತ್ತನೆಯವನಾಗಿ ಕ್ಯಾನ್ಸಸ್ ಸಿಟಿಗೆ ಹೋದವನು, ಮುಂದೆ ಸೂಪರ್ ಬೌಲ್‌ಗಳನ್ನೇ ಗೆದ್ದ ಪ್ಯಾಟ್ರಿಕ್ ಮಹೋಮ್ಸ್. 2021ರಲ್ಲಿ ಜಸ್ಟಿನ್ ಫೀಲ್ಡ್ಸ್ ಬಂದ, ಮೂರು ವರ್ಷ ಆಡಿ ಹೋದ. ಆಚೆ ರಾಜ್ಯದ ಹಳೇ ಎದುರಾಳಿ ಗ್ರೀನ್ ಬೇ ತಂಡದಲ್ಲಿ ಫಾರ್ವ್, ರಾಜರ್ಸ್ ಎಂಬ ಇಬ್ಬರೇ ಕ್ವಾರ್ಟರ್‌ಬ್ಯಾಕ್‌ಗಳು ಮೂವತ್ತು ವರ್ಷ ದೂಡಿದರು. ಶತಮಾನ ಕಂಡ ಈ ತಂಡದಲ್ಲಿ ಒಂದು ಸೀಸನ್‌ಗೆ 4,000 ಗಜ ಎಸೆದವನು ಆವರೆಗೆ ಒಬ್ಬನೂ ಇರಲಿಲ್ಲ. ಕೇಲಬ್ ಮೊದಲ ವರ್ಷ 3,541 ಗಜ ಎಸೆದ. ಎದುರಾಳಿಯ ಗಡಿಗೆರೆ ದಾಟಿ ಅಂಕ ತಂದ ಎಸೆತಗಳು, ಅಂದರೆ ಟಚ್‌ಡೌನ್, 20. ಎಸೆದ ಚೆಂಡು ಎದುರಾಳಿ ಪಾಲಾದದ್ದು ಆರೇ ಸಲ. ಪೇಟನ್ ಮ್ಯಾನಿಂಗ್‌ನಂಥ ಹೆಸರಾಂತ ಕ್ವಾರ್ಟರ್‌ಬ್ಯಾಕ್ಕೇ ಮೊದಲ ವರ್ಷ 28 ಸಲ ಹಾಗೆ ಚೆಂಡು ಕೊಟ್ಟಿದ್ದ. ಇದನ್ನು ಅಜ್ಜನಿಗೆ ಹೇಳಿದರೆ, ‘ಮ್ಯಾನಿಂಗ್ ಶಿಕಾಗೋದಲ್ಲಿ ಆಡಲಿಲ್ಲವಲ್ಲ’ ಅನ್ನುತ್ತಾರೆ. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಸೋಲಿನ ಬಗೆಗಳೂ ಒಂದಕ್ಕಿಂತ ಒಂದು ಜೋರು. ವಾಷಿಂಗ್ಟನ್‌ನಲ್ಲಿ ಗೆದ್ದೇ ಬಿಟ್ಟೆವು ಅನ್ನುವಾಗ, ಬೇರ್ಸ್‌ನ ಒಬ್ಬ ರಕ್ಷಕ ಆಟ ಬಿಟ್ಟು ಗ್ಯಾಲರಿಯ ಜನರನ್ನು ಕೆಣಕುತ್ತಾ ನಿಂತಿದ್ದ. ಅದೇ ಹೊತ್ತಿಗೆ ವಾಷಿಂಗ್ಟನ್‌ನವರು ದೇವರ ಮೇಲೆ ಭಾರ ಹಾಕಿ ಚೆಂಡು ಎಸೆದರು, ಗೆದ್ದರು. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್‌ನಲ್ಲಿ ಇನ್ನೂ ಕಷ್ಟ: ಮೂರೇ ಅಂಕ ಹಿಂದೆ, ಗಡಿಯಾರ ನಿಲ್ಲಿಸಲು ಕೈಯಲ್ಲಿ ಟೈಮ್‌ಔಟ್ ಇದೆ, ಗಡಿಯಾರ ಓಡುತ್ತಿದೆ, ಯಾರೂ ನಿಲ್ಲಿಸುತ್ತಿಲ್ಲ. ಊಟದ ಮೇಜಿನಿಂದ ಎದ್ದು ಜನ ಟೀವಿಗೇ ಟೈಮ್‌ಔಟ್ ಸನ್ನೆ ಮಾಡಿದರು. ಮಾರನೇ ದಿನ ಕೋಚ್ ಮ್ಯಾಟ್ ಎಬರ್‌ಫ್ಲೂಸ್‌ಗೆ ಕೆಲಸ ಹೋಯಿತು. ಸೀಸನ್ ನಡುವೆ ಮುಖ್ಯ ಕೋಚ್‌ನನ್ನು ಈ ತಂಡ ತೆಗೆದದ್ದು ಅದೇ ಮೊದಲು. ಹುಡುಗ ಮಾತ್ರ ಆಡುತ್ತಲೇ ಇದ್ದ, ಬೀಳುತ್ತಲೂ ಇದ್ದ.

ಸತತ ಹತ್ತು ಸೋಲಾದ ಮೇಲೆ 2025ರ ಜನವರಿ 5ರಂದು ಕೊನೆಯ ಪಂದ್ಯ, ಅದೂ ಗ್ರೀನ್ ಬೇ ಅಂಗಳದಲ್ಲಿ. ಆ ತಂಡದ ಎದುರು ಹನ್ನೊಂದು ಸಲ ಸತತವಾಗಿ ಸೋತಿದ್ದವರು ಕಡೇ ಕ್ಷಣದಲ್ಲಿ ಚೆಂಡನ್ನು 51 ಗಜದಿಂದ ಗೋಲು ಕಂಬಗಳ ನಡುವೆ ಒದ್ದು 24-22ರಲ್ಲಿ ಗೆದ್ದರು. ನಾನು ಅಜ್ಜನಿಗೆ ಅಭಿನಂದನೆ ಹೇಳಲು ಹೋದೆ. ಅವರ ಮುಖ ಸಣ್ಣಗಾಗಿತ್ತು. ‘ಸುಮ್ನೆ ಗೆದ್ದರು ನೋಡು. ಹೆಚ್ಚು ಸೋತವರಿಗೇ ಡ್ರಾಫ್ಟ್‌ನಲ್ಲಿ ಮೊದಲು ಸರದಿ. ಸೋತಿದ್ದರೆ ನಮಗೆ ಇನ್ನೂ ಬೇಗ ಸಿಗ್ತಿತ್ತು. ಗೋಡೆಗೆ ಒಬ್ಬ ಗಟ್ಟಿ ಆಳು ಬರ್ತಿದ್ದ.’

ಏಪ್ರಿಲ್‌ನಲ್ಲಿ ಹತ್ತನೇ ಸರದಿ ಬಂತು. ತಂಡ ಆರಿಸಿದ್ದು ಎಸೆದ ಚೆಂಡು ಹಿಡಿಯುವ ಟೈಟ್ ಎಂಡ್ ಒಬ್ಬನನ್ನು, ಗೋಡೆಯವನನ್ನಲ್ಲ. ಆ ಸಂಜೆ ಅಜ್ಜನ ಗೇಟಿನ ಮುಂದೆ ಹೊಸ ಹುಡುಗನಿಗೂ ಅಂಕ ಬೀಳತೊಡಗಿತ್ತು, ಅವನು ಒಂದು ಚೆಂಡೂ ಹಿಡಿಯುವ ಮೊದಲೇ.